ಗೊಂಬೆಯ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನ ಆಯುಷ್ಯ

(ಯಶವಂತಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಪ್ಲಾಸ್ಟಿಕ್ಕಿಗೆ ಸಾವಿಲ್ಲವೆಂಬ ಮಾತನ್ನು ನಾವು ಎಷ್ಟು ಬಾರಿ ಕೇಳಿದ್ದೇವೆಂದರೆ, ಅದನ್ನು ಪರೀಕ್ಷಿಸಿ ನೋಡುವ ಅಗತ್ಯವೇ ಯಾರಿಗೂ ತೋರದಂತಾಗಿದೆ. ಕೆರೆಯ ಹೂಳಿನಲ್ಲಿಯೂ ಚರಂಡಿಯ ಬಾಯಲ್ಲಿಯೂ ಬೀದಿಯ ಹಸುವಿನ ಹೊಟ್ಟೆಯಲ್ಲಿಯೂ ಅದು ಕರಗದೆ ಉಳಿಯುವುದನ್ನು ಕಣ್ಣಾರೆ ಕಂಡವರಿಗೆ ಈ ಮಾತು ಸತ್ಯವಾಗಿಯೇ ತೋರಬೇಕು. ಆದರೆ ಬೀರುವಿನಲ್ಲಿ ಬಟ್ಟೆ ಸುತ್ತಿ, ಮಕ್ಕಳ ಕೈಗೆ ಸಿಗದಂತೆ ಎತ್ತಿಟ್ಟು, ವರ್ಷಕ್ಕೊಮ್ಮೆ ಮಾತ್ರ ಹೊರತೆಗೆಯುವ ಗೊಂಬೆಯೊಂದು, ಯಾರೂ ಬೀಳಿಸದೆ, ಯಾರೂ ಒಡೆಯದೆ, ತನ್ನಷ್ಟಕ್ಕೆ ತಾನೇ ಹಳದಿಗಟ್ಟಿ, ಅಂಟಂಟಾಗಿ, ಕೂದಲೆಳೆಯಂಥ ಬಿರುಕುಗಳನ್ನು ಮೈತುಂಬ ತಳೆದು, ಕಡೆಗೆ ಮುಟ್ಟಿದ ಬೆರಳಿಗೆ ಪುಡಿಯಾಗಿ ಉದುರುವುದೂ ಅಷ್ಟೇ ಸತ್ಯ. ಈ ಎರಡು ಸತ್ಯಗಳಿಗೆ ವಿರೋಧವೇನೂ ಇಲ್ಲ. ಕಸದ ರಾಶಿಯಲ್ಲಿ ಉಳಿಯುವುದು ದ್ರವ್ಯ. ಕಪಾಟಿನಲ್ಲಿ ಅಳಿಯುವುದು ರೂಪ. ಚೂರಾದ ಮೇಲೂ ಪ್ಲಾಸ್ಟಿಕ್ಕು ಪ್ಲಾಸ್ಟಿಕ್ಕೇ, ಆದರೆ ಚೂರಾದ ಮೇಲೆ ಗೊಂಬೆ ಗೊಂಬೆಯಲ್ಲ. ಹಳೆಯ ಆಟಿಕೆಗಳಲ್ಲಿರುವ ಪ್ಲಾಸ್ಟಿಕ್ ಅಂಗಗಳ ಜೀರ್ಣೋದ್ಧಾರವನ್ನೂ ಸಂರಕ್ಷಣೆಯನ್ನೂ ಕುರಿತು ಈ ದಿನ ತಮ್ಮ ಮುಂದೆ ನಾನು ಅರಿಕೆಮಾಡಿಕೊಳ್ಳಬೇಕೆಂದಿರುವುದೆಲ್ಲವೂ ಈ ಭೇದವನ್ನು ಆಶ್ರಯಿಸಿದೆ.

ಈ ವಿಷಯವನ್ನು ಮಾತನಾಡಲು ಯಶವಂತಪುರ ಅನುಚಿತವಾದ ಸ್ಥಳವೆಂದು ನನಗೆ ತೋರುವುದಿಲ್ಲ. ನಮ್ಮ ನೆರೆಯ ಟಾಟಾ ಇನ್‌ಸ್ಟಿಟ್ಯೂಟು, ಎಂದರೆ ಭಾರತೀಯ ವಿಜ್ಞಾನ ಸಂಸ್ಥೆಯು, 1911ರಲ್ಲಿ ಪಾಠಪ್ರವಚನಗಳನ್ನು ಆರಂಭಿಸಿದಾಗ ರಸಾಯನಶಾಸ್ತ್ರವು ಅದರ ಆದ್ಯ ವಿಭಾಗಗಳಲ್ಲಿ ಸೇರಿದ್ದಿತು. ತುಮಕೂರು ರಸ್ತೆಯಲ್ಲಿ ಪ್ಲೈವುಡ್ ಉದ್ಯಮಕ್ಕಾಗಿ ಹುಟ್ಟಿದ ಸಂಶೋಧನಾ ಸಂಸ್ಥೆಯವರು ಮರದ ಪದರಗಳನ್ನು ಬೆಸೆಯಲು ಅಭ್ಯಸಿಸಿದ ಫೀನಾಲ್ ರಾಳವು, ನಮ್ಮ ತಾತಂದಿರ ಕಾಲದ ಕಪ್ಪು ಬೇಕಲೈಟ್ ಸ್ವಿಚ್ಚಿಗೆ ಒಡಹುಟ್ಟು. ಜಾಲಹಳ್ಳಿಯಲ್ಲಿ 1961ರಲ್ಲಿ ಆರಂಭವಾದ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯ ಕೈಗಡಿಯಾರಗಳ ಮೇಲಿನ 'ಗಾಜು' ಬಹುಪಾಲು ಗಾಜಾಗಿರದೆ ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಾಗಿದ್ದಿತು. ಗೀರುಬಿದ್ದ ಆ ಗಾಜನ್ನು ನುಣುಪಾದ ಉಜ್ಜುಪುಡಿಯಿಂದ ತಿಕ್ಕಿ ಮತ್ತೆ ತಿಳಿಯಾಗಿಸುವ ಕೌಶಲ ಈ ಪ್ರಾಂತದ ಗಡಿಯಾರ ರಿಪೇರಿಯವರಿಗೆ ಕರಗತವಾಗಿದೆ. ಪ್ಲಾಸ್ಟಿಕ್ಕನ್ನು ತಿಳಿದವರು ನಮ್ಮ ನಡುವೆಯೇ ಇದ್ದಾರೆ. ಆ ತಿಳಿವಳಿಕೆಯನ್ನು ಗೊಂಬೆಯ ಪೆಟ್ಟಿಗೆಯವರೆಗೆ ತರುವುದಷ್ಟೇ ಬಾಕಿ ಉಳಿದಿರುವ ಕೆಲಸ.

ನಮ್ಮ ನಾಡು ಪ್ಲಾಸ್ಟಿಕ್ಕಿನ ಸ್ವಭಾವವನ್ನು ಕಾರ್ಖಾನೆಗಳಿಗಿಂತ ಮೊದಲೇ ಅರಿತಿದ್ದಿತೆಂಬುದನ್ನೂ ಇಲ್ಲಿ ಸ್ಮರಿಸಬೇಕು. ಕಾಯಿಸಿದರೆ ಮೆತ್ತಗಾಗಿ, ತಣಿದರೆ ಗಟ್ಟಿಯಾಗಿ, ಮತ್ತೆ ಕಾಯಿಸಿದರೆ ಮತ್ತೆ ಮೆತ್ತಗಾಗುವ ದ್ರವ್ಯವೇ ಪ್ಲಾಸ್ಟಿಕ್ಕೆಂದಾದರೆ, ಒಂದು ಕ್ಷುದ್ರಕೀಟವು ಮರದ ಕೊಂಬೆಯ ಮೇಲೆ ಸ್ರವಿಸುವ ಅರಗು ಆ ವರ್ಗದಲ್ಲಿ ಅತ್ಯಂತ ಪ್ರಾಚೀನವಾದುದು. ಚನ್ನಪಟ್ಟಣದ ಕುಶಲಕರ್ಮಿಯು ಆಲೆ ಮರದ ತುಂಡನ್ನು ಚರಕಿಗೆ ಸಿಕ್ಕಿಸಿ, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಶಾಖದಿಂದಲೇ ಅದನ್ನು ಕರಗಿಸಿ ಲೇಪಿಸಿ, ಕೇದಗೆಯ ಜಾತಿಯ ಗರಿಯಿಂದ ಉಜ್ಜಿ ಹೊಳಪೇರಿಸುವಾಗ ನಡೆಯುವುದು ಪ್ಲಾಸ್ಟಿಕ್ಕಿನ ಕೆಲಸವೇ. ಆ ಅರಗಿಗೂ ತನ್ನದೇ ಆದ ದೌರ್ಬಲ್ಯಗಳುಂಟು. ಸ್ಪಿರಿಟ್ಟು ಸೋಕಿದರೆ ಅದು ಕರಗುತ್ತದೆ, ನೀರು ನಿಂತರೆ ಬಿಳಿಚಿಕೊಳ್ಳುತ್ತದೆ, ಬಿಸಿಲಿಗೆ ಮೆತ್ತಗಾಗುತ್ತದೆ. ಸ್ಯಾನಿಟೈಸರು ಪ್ರತಿ ಮನೆಯ ಬಾಗಿಲಲ್ಲಿಯೂ ಇದ್ದ ವರ್ಷಗಳಲ್ಲಿ ಅದೇ ದ್ರವದಿಂದ ಒರೆಸಿಕೊಂಡ ಹಳೆಯ ಚನ್ನಪಟ್ಟಣದ ಬೊಂಬೆಗಳು ಹೊಳಪು ಕಳೆದುಕೊಂಡು ಮಾಸಿದುದನ್ನು ನಾನು ಕಂಡು ವ್ಯಥೆಪಟ್ಟಿದ್ದೇನೆ. ಒರೆಸಿದವರಿಗೆ ಅವುಗಳ ಮೇಲೆ ಪ್ರೀತಿಯೇ ಇದ್ದಿತು, ದ್ರವ್ಯದ ಪರಿಚಯವಿರಲಿಲ್ಲ.

ದಸರೆಯ ಗೊಂಬೆಗಳ ಸಾಲಿಗೆ ಬರೋಣ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಯ ಮೆಟ್ಟಿಲುಗಳ ತುದಿಯಲ್ಲಿ ರಕ್ತಚಂದನದ ಪಟ್ಟದ ಗೊಂಬೆಗಳು ರಾಜರಾಣಿಯರಾಗಿ ನಿಲ್ಲುತ್ತವೆ. ಅವುಗಳ ಕೆಳಗೆ ಮಣ್ಣಿನ ದೇವತೆಗಳು, ಕಿನ್ನಾಳದ ಮರದ ಮೂರ್ತಿಗಳು, ಪಿಂಗಾಣಿಯ ಪಾತ್ರೆಗಳು. ಮೈಸೂರು ಅರಮನೆಯ ಗೊಂಬೆತೊಟ್ಟಿಯಲ್ಲಿ 19ನೆಯ ಶತಮಾನದ ಮತ್ತು 20ನೆಯ ಶತಮಾನದ ಆದಿಭಾಗದ ಗೊಂಬೆಗಳನ್ನು ನೋಡಿದವರಿಗೆ ಈ ಪರಂಪರೆಯ ವೈಭವವನ್ನು ಬಣ್ಣಿಸಬೇಕಾಗಿಲ್ಲ. ಆದರೆ ಸಾಮಾನ್ಯ ಗೃಹಸ್ಥರ ಮನೆಯ ಕೆಳಗಿನ ಮೆಟ್ಟಿಲುಗಳಲ್ಲಿ, ಎರಡು ಮಹಾಯುದ್ಧಗಳ ನಡುವಣ ವರ್ಷಗಳಿಂದ ಮೊದಲುಗೊಂಡು, ಹಗುರವಾದ, ಒಳಟೊಳ್ಳಾದ, ಗುಲಾಬಿ ಕೆನ್ನೆಯ ಹೊಸ ಅತಿಥಿಗಳು ಬಂದು ಕುಳಿತರು. ಇವೇ ಜಪಾನಿನ ಸೆಲ್ಯುಲಾಯ್ಡ್ ಗೊಂಬೆಗಳು. ತೊಟ್ಟಿಲ ಕೂಸು, ಈಜುವ ಬಾತುಕೋಳಿ, ಕೈಕಾಲು ತಿರುಗುವ ಹುಡುಗಿ: ಹೀಗೆ ಅಜ್ಜಿಯ ಕಾಲದ ಪೆಟ್ಟಿಗೆಯಲ್ಲಿ ಇಂದಿಗೂ ಒಂದೆರಡು ಉಳಿದಿರುವುದುಂಟು. ಅಂಥವನ್ನು ಹಣ ಕೊಟ್ಟು ಕೊಳ್ಳುವ ಸಂಗ್ರಾಹಕರು ಈಗ ಇದ್ದಾರೆ. ಮನೆಯವರ ದೃಷ್ಟಿಯಲ್ಲಿ ಅವುಗಳ ಬೆಲೆ ಬೇರೆಯೇ ತೆರನಾದುದು.

ಸೆಲ್ಯುಲಾಯ್ಡಿನ ಜನ್ಮವೃತ್ತಾಂತವನ್ನು ಅರಿಯದೆ ಅದರ ವ್ಯಾಧಿಯನ್ನು ಅರಿಯಲಾಗದು. 1862ರ ಲಂಡನ್ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಅಲೆಕ್ಸಾಂಡರ್ ಪಾರ್ಕ್ಸ್ ಎಂಬಾತನು ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ ಪಡೆದ ದ್ರವ್ಯದಿಂದ ಮಾಡಿದ ವಸ್ತುಗಳನ್ನು ಇರಿಸಿದನು. 1870ರಲ್ಲಿ ಅಮೆರಿಕದ ಜಾನ್ ವೆಸ್ಲಿ ಹಯಟ್ ಎಂಬಾತನು ಅದೇ ನೈಟ್ರೋಸೆಲ್ಯುಲೋಸಿಗೆ ಕರ್ಪೂರವನ್ನು ಬೆರೆಸಿ, ಶಾಖ ಮತ್ತು ಒತ್ತಡಗಳಿಂದ ಅಚ್ಚುಹಾಕಬಲ್ಲ ಸೆಲ್ಯುಲಾಯ್ಡಿಗೆ ಪೇಟೆಂಟು ಪಡೆದನು. ಕರ್ಪೂರವೇ ಅದರ ಜೀವಾಳ. ಕರ್ಪೂರವಿಲ್ಲದ ನೈಟ್ರೋಸೆಲ್ಯುಲೋಸು ಪೆಡಸಾದ, ಸಿಡಿಯುವ ಪದಾರ್ಥ. 1895ರಿಂದ 1945ರವರೆಗೆ ಜಪಾನಿನ ಆಳ್ವಿಕೆಗೆ ಒಳಪಟ್ಟಿದ್ದ, ಅಂದು ಫಾರ್ಮೋಸಾ ಎನಿಸಿಕೊಂಡಿದ್ದ ತೈವಾನಿನ ಕಾಡುಗಳು ಕರ್ಪೂರದ ಗಣಿಗಳೇ ಆಗಿದ್ದುವು. ಜಪಾನು ಸೆಲ್ಯುಲಾಯ್ಡಿನ ತಯಾರಿಕೆಯಲ್ಲಿ ಲೋಕಕ್ಕೇ ಮುಂದಾದುದಕ್ಕೂ ಆ ಗೊಂಬೆಗಳು ಅಗ್ಗದ ದರದಲ್ಲಿ ಏಷ್ಯಾದ ಬಂದರುಗಳಿಗೆ ಬಂದು ಇಳಿದುದಕ್ಕೂ ಅದೇ ಮುಖ್ಯ ಕಾರಣ.

ತೆರೆದಿಟ್ಟ ಕರ್ಪೂರ ದಿನದಿನಕ್ಕೆ ಸವೆಯುವುದನ್ನು ಪೂಜೆ ಮಾಡುವ ಯಾವ ಮನೆಯವರಿಗೂ ಹೇಳಿಕೊಡಬೇಕಾಗಿಲ್ಲ. ಗೊಂಬೆಯ ಮೈಯೊಳಗಿನ ಕರ್ಪೂರವೂ ಹಾಗೆಯೇ ದಶಕಗಳ ಕಾಲ ಮೆಲ್ಲಮೆಲ್ಲನೆ ಹಾರಿಹೋಗುತ್ತದೆ. ಅದು ಹೋದಂತೆಲ್ಲ ಗೊಂಬೆ ಸಂಕೋಚಗೊಂಡು, ನಮ್ಯತೆಯನ್ನು ಕಳೆದುಕೊಂಡು, ಸೀಳುತ್ತದೆ. ಇಷ್ಟೇ ಆಗಿದ್ದರೆ ಅದನ್ನು ಸಹಜ ಮುಪ್ಪೆಂದು ತಿಳಿದು ಸುಮ್ಮನಿರಬಹುದಾಗಿತ್ತು. ಎರಡನೆಯ ವ್ಯಾಧಿ ಇದಕ್ಕಿಂತ ಉಗ್ರವಾದುದು. ನೈಟ್ರೋಸೆಲ್ಯುಲೋಸಿನಿಂದ ನೈಟ್ರೋಜನ್ ಆಕ್ಸೈಡುಗಳು ಬಿಡುಗಡೆಯಾಗಿ, ಗಾಳಿಯ ತೇವದೊಡನೆ ಕೂಡಿ ಆಮ್ಲವಾಗಿ, ಆ ಆಮ್ಲವೇ ಇನ್ನಷ್ಟು ನೈಟ್ರೋಸೆಲ್ಯುಲೋಸನ್ನು ಒಡೆದು, ಅದರಿಂದ ಮತ್ತಷ್ಟು ಆಮ್ಲ ಹುಟ್ಟುತ್ತದೆ. ಆರಂಭದಲ್ಲಿ ನಿಧಾನವಾಗಿದ್ದು ಕಡೆಗಾಲದಲ್ಲಿ ಧಾವಿಸುವುದು ಈ ರೋಗದ ಲಕ್ಷಣ. ಮೂವತ್ತು ವರ್ಷ ಚೆನ್ನಾಗಿಯೇ ಇದ್ದ ಗೊಂಬೆ ಎರಡು ದಸರೆಗಳ ನಡುವೆ ಜಿಗುಟಾಗಿ, ಬೆವರಿದಂತಾಗಿ, ಹಳದಿಗಟ್ಟಿ ಒಡೆಯುವುದಕ್ಕೆ ಕಾರಣ ಇದೇ. ಕೈಕಾಲುಗಳನ್ನು ಹಿಡಿದಿರುವ ಒಳಗಣ ಲೋಹದ ಕೊಕ್ಕೆಯು ಹಸುರು ಕಿಲುಬು ಹಿಡಿದಿದ್ದರೆ, ಗೊಂಬೆಯ ಹೊರಮೈ ಸೊಗಸಾಗಿ ಕಂಡರೂ ಒಳಗೆ ಆಮ್ಲ ಹುಟ್ಟಿದೆಯೆಂದು ತಿಳಿಯತಕ್ಕದ್ದು.

ಈ ಆಮ್ಲವು ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಏನಾದೀತೆಂಬುದನ್ನು ಊಹಿಸಿದಾಗ, ನಮ್ಮ ಮನೆಗಳಲ್ಲಿ ಗೊಂಬೆಗಳನ್ನು ಕಾಪಾಡುವ ವಿಧಾನವೇ ಅವುಗಳ ನಾಶಕ್ಕೆ ಅನುಕೂಲವಾಗಿರುವುದು ಗೋಚರವಾಗುತ್ತದೆ. ವಿಜಯದಶಮಿಯ ನಂತರ ನಾವು ಮಾಡುವುದೇನು? ಗೊಂಬೆಗಳನ್ನು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕವರು ಬಿಗಿದು, ಕಬ್ಬಿಣದ ಟ್ರಂಕಿನಲ್ಲಿ ಮಣ್ಣು, ಮರ, ಸೆಲ್ಯುಲಾಯ್ಡ್, ರಬ್ಬರುಗಳನ್ನು ಒಟ್ಟಿಗೆ ಜೋಡಿಸಿ, ನುಸಿ ಬಾರದಿರಲೆಂದು ನಾಲ್ಕಾರು ಡಾಂಬರು ಗುಳಿಗೆಗಳನ್ನು ಉರುಳಿಸಿ, ಮುಚ್ಚಳ ಹಾಕಿ, ಬಿಸಿಲಿಗೆ ಕಾದ ತಾರಸಿಯ ಕೆಳಗಣ ಅಟ್ಟಕ್ಕೆ ಏರಿಸುತ್ತೇವೆ. ಇದರಲ್ಲಿ ಕೆಲವು ಹೆಜ್ಜೆಗಳು ಮರದ ಗೊಂಬೆಗೆ ಒಪ್ಪಬಹುದು. ಪ್ಲಾಸ್ಟಿಕ್ಕಿಗೆ ಒಂದೂ ಒಪ್ಪದು. ಬಿಗಿದ ಕವರು ಆಮ್ಲವನ್ನು ಒಳಗೇ ಕೂಡಿಹಾಕುತ್ತದೆ. ಒಂದು ಸೆಲ್ಯುಲಾಯ್ಡ್ ಗೊಂಬೆಯಿಂದ ಹೊರಟ ಆಮ್ಲ ಪಕ್ಕದ ಗೊಂಬೆಯ ಹಿತ್ತಾಳೆಯನ್ನೂ ರೇಷ್ಮೆಯನ್ನೂ ತಿನ್ನುತ್ತದೆ. ಡಾಂಬರು ಗುಳಿಗೆಯ ಆವಿಯು ಪಾಲಿಸ್ಟೈರೀನಿನಂಥ ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡಿ, ಗುಳಿಗೆ ತಾಗಿದ ಕಡೆ ಕುಳಿಯನ್ನೇ ಕೊರೆಯಬಲ್ಲದು. ಅಟ್ಟದ ಶಾಖವಂತೂ ಎಲ್ಲಕ್ಕೂ ಶತ್ರು: ಉಷ್ಣತೆ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆಂದು ರಸಾಯನಶಾಸ್ತ್ರಜ್ಞರು ಲೆಕ್ಕ ಹಾಕುತ್ತಾರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನ ತಂಪು ಹವೆಯು ನಮಗೆ ದೈವದತ್ತವಾದ ಸಂರಕ್ಷಣಾಲಯವೇ ಆಗಿರುವಾಗ, ಮಂಗಳೂರಿನ ಸೆಕೆಯಲ್ಲಿರುವವರಿಗೆ ಇಲ್ಲದ ಆ ಭಾಗ್ಯವನ್ನು ನಾವು ಟ್ರಂಕನ್ನು ಅಟ್ಟಕ್ಕೇರಿಸಿ ಕೈಯಾರೆ ಕಳೆದುಕೊಳ್ಳುತ್ತಿದ್ದೇವೆ.

ಹಾಗಾದರೆ ಮಾಡತಕ್ಕುದೇನು? ಗೊಂಬೆಗಳನ್ನು ದ್ರವ್ಯಾನುಸಾರವಾಗಿ ಬೇರ್ಪಡಿಸುವುದು ಮೊದಲ ಕೆಲಸ. ಇದಕ್ಕೆ ಪ್ರಯೋಗಶಾಲೆ ಬೇಡ, ಮೂಗು ಸಾಕು. ಹೆಬ್ಬೆರಳಿನಿಂದ ಮೃದುವಾಗಿ ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡು. ಹುಳಿಹುಳಿಯಾದ ವಿನೆಗರಿನ ವಾಸನೆ ಬಂದರೆ ಸೆಲ್ಯುಲೋಸ್ ಅಸಿಟೇಟು ಎಂಬ ಪ್ಲಾಸ್ಟಿಕ್ಕು, ಅದೂ ಕೊಳೆಯಲಾರಂಭಿಸಿರುವ ಅಸಿಟೇಟು. ಕಾರ್ಬಾಲಿಕ್ ಸೋಪಿನ ವಾಸನೆಯಾದರೆ ಬೇಕಲೈಟು. ಬೆಂಕಿ ತಾಗಿಸಿ ಪರೀಕ್ಷಿಸುವ ಹಳೆಯ ರೂಢಿಯನ್ನು ಮಾತ್ರ ಯಾರೂ ಅನುಸರಿಸಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಸೆಲ್ಯುಲಾಯ್ಡು ಹೊತ್ತಿಕೊಂಡರೆ ನಂದಿಸಲು ಅವಕಾಶ ಕೊಡುವುದಿಲ್ಲ. 1932ರ ಡಿಸೆಂಬರ್ 16ರಂದು ಟೋಕಿಯೋ ನಗರದ ಷಿರೋಕಿಯಾ ಎಂಬ ಮಹಾಮಳಿಗೆಯಲ್ಲಿ ಕ್ರಿಸ್‌ಮಸ್ ಮರದ ದೀಪಾಲಂಕಾರದ ಕಿಡಿಯು ಆಟಿಕೆ ವಿಭಾಗದ ಸೆಲ್ಯುಲಾಯ್ಡ್ ಆಟಿಕೆಗಳಿಗೆ ತಾಗಿ, ಆ ಬೆಂಕಿಗೆ 14 ಮಂದಿ ಬಲಿಯಾದರು. ನಮ್ಮ ದಸರೆಯ ಮೆಟ್ಟಿಲುಗಳ ಸುತ್ತಲೂ ಸೀರಿಯಲ್ ಸೆಟ್ಟು ಉರಿಯುತ್ತದೆ, ಎದುರಿಗೆ ಎಣ್ಣೆಯ ದೀಪವಿರುತ್ತದೆ, ಕಡೆಗೆ ಆರತಿಯೂ ನಡೆಯುತ್ತದೆ. ಸೆಲ್ಯುಲಾಯ್ಡ್ ಗೊಂಬೆ ಇರುವ ಮನೆಯಲ್ಲಿ ಅದರ ಸ್ಥಾನ ದೀಪದಿಂದ ದೂರದ ಮೂಲೆ. ಬಿಸಿಯಾಗುವ ಹಳೆಯ ಬಲ್ಬುಗಳ ಬದಲು ಎಲ್.ಇ.ಡಿ. ದೀಪಗಳಿರಲಿ.

ಬೇರ್ಪಡಿಸಿದ ಮೇಲೆ ಸೆಲ್ಯುಲಾಯ್ಡನ್ನೂ ಅಸಿಟೇಟನ್ನೂ ಒಂದೊಂದಾಗಿ, ಆಮ್ಲರಹಿತ ಕಾಗದದಲ್ಲಿಯೋ ಚೆನ್ನಾಗಿ ಒಗೆದ ಬಿಳಿಯ ಹತ್ತಿಬಟ್ಟೆಯಲ್ಲಿಯೋ ಸಡಿಲವಾಗಿ ಸುತ್ತಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಮನೆಯ ಅತ್ಯಂತ ತಂಪಾದ ಒಳಗೋಡೆಯ ಬೀರುವಿನಲ್ಲಿ ಇರಿಸಬೇಕು. ಮಳೆಗಾಲದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣವೊಂದು ಜೊತೆಗಿರಲಿ. ಆಮ್ಲದ ಆವಿಯನ್ನು ಹೀರುವ ಸಕ್ರಿಯ ಇದ್ದಿಲು ದೊರೆತರೆ ಇನ್ನೂ ಲೇಸು. ಅಸಿಟೇಟಿನ ಹುಳಿಯನ್ನು ಅಳೆಯಲು ಆಮ್ಲಕ್ಕೆ ತಕ್ಕಂತೆ ನೀಲಿಯಿಂದ ಹಸುರಿಗೂ ಹಸುರಿನಿಂದ ಹಳದಿಗೂ ತಿರುಗುವ ಕಾಗದದ ಪಟ್ಟಿಗಳನ್ನು ಚಲನಚಿತ್ರ ಭಂಡಾರಗಳವರು ಬಳಸುತ್ತಾರೆ. ವ್ಯೂ-ಮಾಸ್ಟರ್ ಎಂಬ ಚಿತ್ರ ನೋಡುವ ಆಟಿಕೆಯ ಹಳೆಯ ರೀಲುಗಳನ್ನು ಇಟ್ಟುಕೊಂಡಿರುವವರಿಗೆ ಅವು ಬಹಳ ಉಪಯುಕ್ತ.

ವ್ಯೂ-ಮಾಸ್ಟರಿನ ಹೆಸರೆತ್ತಿದುದಕ್ಕೆ ಕಾರಣವುಂಟು. 1939ರ ನ್ಯೂಯಾರ್ಕ್ ವಿಶ್ವಪ್ರದರ್ಶನದಲ್ಲಿ ಬೆಳಕು ಕಂಡು, ಮುಂದೆ ಮುಂಬಯಿಯಲ್ಲಿಯೂ ತಯಾರಾದ ಆ ಪುಟ್ಟ ಯಂತ್ರದಲ್ಲಿ ಪ್ಲಾಸ್ಟಿಕ್ಕಿನ ಚರಿತ್ರೆಯ ಒಂದು ಖಂಡವೇ ಅಡಗಿದೆ. 1940ರ ಮತ್ತು 50ರ ದಶಕಗಳ ಬಹುಪಾಲು ಮಾದರಿಗಳ ಕವಚ ಬೇಕಲೈಟಿನದು. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ರೂಪಿಸಿದ ಈ ರಾಳ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಬಿದ್ದರೆ ಒಡೆಯುವುದೆಂಬುದನ್ನು ಬಿಟ್ಟರೆ ಅಲ್ಪಸ್ವಲ್ಪ ಮಾಸುವುದೊಂದೇ ಅದರ ಮುಪ್ಪು. ಅನಂತರದ ಮಾದರಿಗಳು ಹಗುರವಾದ, ಕರಗಿಸಿ ಅಚ್ಚುಹಾಕುವ ಪ್ಲಾಸ್ಟಿಕ್ಕಿಗೆ ತಿರುಗಿದುವು. ಇವು ಅಗ್ಗ, ವರ್ಣಮಯ, ಅಲ್ಪಾಯು. ಅವುಗಳೊಳಗಿನ ಚಿತ್ರಗಳಂತೂ ಕಾಗದದ ಚಕ್ರಕ್ಕೆ ಅಂಟಿದ ಫಿಲ್ಮಿನ ತುಣುಕುಗಳು. ಒಂದೇ ಆಟಿಕೆಯಲ್ಲಿ ಮೂರು ಬಗೆಯ ಆಯುಷ್ಯವಿದ್ದಾಗ ಅದಕ್ಕೆ ಒಂದೇ ಔಷಧವನ್ನು ಹಚ್ಚುವುದು ಹೇಗೆ?

ಪುಟ್ಟ ಕಾರುಗಳ ವಿಷಯವೂ ಇದೇ. 1956ರಲ್ಲಿ ಬ್ರಿಟನ್ನಿನ ಕಾರ್ಗಿ ಸಂಸ್ಥೆಯು ತನ್ನ ಕಾರುಗಳಿಗೆ ಕಿಟಕಿಗಳಿವೆಯೆಂದು ಜಾಹೀರಾತು ಮಾಡಿ ಮಾರುಕಟ್ಟೆಗೆ ಇಳಿಯಿತು. ಆ ಕಿಟಕಿಯೇ ತೆಳುವಾದ ಪ್ಲಾಸ್ಟಿಕ್ಕಿನ ಹಾಳೆ. ಡಿಂಕಿ ಎಂಬ ಪುಟ್ಟ ಕಾರುಗಳ ಅಚ್ಚುಗಳಿಂದ ಭಾರತದಲ್ಲಿ ತಯಾರಾದ ನಿಕ್ಕಿ ಕಾರುಗಳಿಗೂ ಇಂದು ದೇಶವಿದೇಶಗಳ ಸಂಗ್ರಾಹಕರು ಆಸೆಪಡುತ್ತಾರೆ. ಇಂಥ ಕಾರುಗಳ ಲೋಹದ ಮೈಗೆ ಬಣ್ಣ ಬಳಿಯಬಲ್ಲವರು ಹಲವರಿದ್ದಾರೆ. ಕಿಟಕಿ ಹಳದಿಗಟ್ಟಿದರೆ, ದೀಪದ ಚೂರು ಉದುರಿದರೆ, ಚಕ್ರದ ಅಂಚು ಕರಗಿದರೆ ಮಾತ್ರ ಬಲ್ಲವರು ವಿರಳ. ಚಕ್ರ ಕರಗುವ ಕಾರಣವನ್ನು ತಿಳಿದರೆ ಸೋಜಿಗವೆನಿಸುತ್ತದೆ. ಟಯರಿನ ಪಿ.ವಿ.ಸಿ. ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಅದಕ್ಕೆ ಎಣ್ಣೆಯಂಥ ಮೃದುಕಾರಿ ದ್ರವವನ್ನು ಬೆರೆಸಿರುತ್ತಾರೆ. ಅದು ಕಾಲಕ್ರಮದಲ್ಲಿ ಹೊರಗೆ ಒಸರಿ, ಪಕ್ಕದಲ್ಲಿ ತಾಗಿರುವ ಪಾಲಿಸ್ಟೈರೀನಿನೊಳಕ್ಕೆ ಹೊಕ್ಕು ಅದನ್ನು ಕರಗಿಸುತ್ತದೆ. ಆದುದರಿಂದ ಮೆದು ಟಯರಿನ ಕಾರನ್ನು ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯಲ್ಲಿ ನೇರವಾಗಿ ನಿಲ್ಲಿಸದೆ ನಡುವೆ ಕಾಗದವನ್ನು ಹಾಸಬೇಕು. ಇದೇ ಪಿ.ವಿ.ಸಿ. ತಾಮ್ರವನ್ನು ಸಹಿಸದು: 1959ರಲ್ಲಿ ಹುಟ್ಟಿದ ಬಾರ್ಬಿ ಗೊಂಬೆಯ ಹಳೆಯ ಪ್ರತಿಗಳಲ್ಲಿ ಓಲೆ ಚುಚ್ಚಿದ ಕಿವಿಯ ಸುತ್ತ ಹಸುರು ಕಲೆ ಹರಡಿರುವುದು ಸಂಗ್ರಾಹಕರೆಲ್ಲರೂ ಬಲ್ಲ ಸಂಗತಿ. ನಮ್ಮ ಹೆಣ್ಣುಮಕ್ಕಳು ವಿನೈಲ್ ಗೊಂಬೆಗಳಿಗೆ ತೊಡಿಸುವ ಹಿತ್ತಾಳೆಯ ಓಲೆಯೂ ನಕಲಿ ಜರಿಯ ಲಂಗವೂ ಇದೇ ಕಲೆಯನ್ನು ತರಬಲ್ಲವು. ಅಲಂಕಾರ ಹಬ್ಬದ ದಿನಗಳಿಗೆ ಇರಲಿ. ಪೆಟ್ಟಿಗೆಗೆ ಹೋಗುವಾಗ ತೆಗೆದಿಡಿ.

ದುರಸ್ತಿಯ ಮಾತಿಗೆ ಬಂದೆನು. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಠಿನವಾಗಿ ಕೇಳಿಸಬಹುದು. ಮುರಿದ ಆಟಿಕೆಯನ್ನು ಕಂಡೊಡನೆ ನಮ್ಮ ಕೈ ಫೆವಿಕ್ವಿಕ್ಕಿನ ಕಡೆಗೆ ಹೋಗುತ್ತದೆ. ಅದು ಹಿಡಿಯುವುದೂ ಕ್ಷಣಮಾತ್ರದಲ್ಲಿ, ಕೆಡಿಸುವುದೂ ಕ್ಷಣಮಾತ್ರದಲ್ಲಿ. ಅದರ ಆವಿ ಪಾರದರ್ಶಕ ಕಿಟಕಿಯ ಮೇಲೆ ಮಂಜಿನಂತೆ ಬಿಳಿಯಾಗಿ ಕೂರುತ್ತದೆ. ಕೀಲು ತಪ್ಪಾಗಿ ಕೂಡಿಕೊಂಡರೆ ಬಿಡಿಸಲು ಬೇಕಾದ ಅಸಿಟೋನು ಪಾಲಿಸ್ಟೈರೀನನ್ನೂ ಸೆಲ್ಯುಲಾಯ್ಡನ್ನೂ ಅಂಟಿನೊಡನೆಯೇ ಕರಗಿಸುತ್ತದೆ. ನೇಲ್ ಪಾಲಿಶ್ ರಿಮೂವರು, ಥಿನ್ನರು, ಪೆಟ್ರೋಲುಗಳಿಂದ ಒರೆಸುವುದೂ ಇದೇ ಪರಿಣಾಮವನ್ನು ತರುತ್ತದೆ. ವಸ್ತುಸಂಗ್ರಹಾಲಯಗಳ ಸಂರಕ್ಷಕರು ಮುಂದೊಂದು ದಿನ ಬಿಡಿಸಬಹುದಾದ ಅಂಟನ್ನೇ ಆಯ್ದುಕೊಳ್ಳುತ್ತಾರೆ; ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ ಮಡಕೆಗೂ ಗಾಜಿಗೂ ಅಂಥ ಅಂಟಾಗಿ ಹೆಸರಾಗಿದೆ. ಆದರೆ ಅದನ್ನು ಕರಗಿಸುವ ದ್ರಾವಕವೂ ಸಾಮಾನ್ಯವಾಗಿ ಅಸಿಟೋನೇ ಆದುದರಿಂದ, ಮಡಕೆಗೆ ಅಮೃತವಾದುದು ಪ್ಲಾಸ್ಟಿಕ್ಕಿಗೆ ವಿಷವಾಗಬಹುದು. ಬೆಲೆಬಾಳುವ ಆಟಿಕೆಯ ಅಂಗವೊಂದು ಮುರಿದಿದ್ದರೆ, ಚೂರುಗಳನ್ನೆಲ್ಲ ಒಂದು ಕಾಗದದ ಪೊಟ್ಟಣದಲ್ಲಿ ಕೂಡಿಟ್ಟು, ಅಂಟಿಸದೆಯೇ ಬಲ್ಲವರ ಬಳಿಗೆ ಒಯ್ಯುವುದು ಅತ್ಯುತ್ತಮ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾಲಯದ ಪ್ರಾದೇಶಿಕ ಕೇಂದ್ರವೊಂದು ಮೈಸೂರಿನಲ್ಲಿ ನೆಲೆಗೊಂಡುದು ನಮ್ಮ ನಾಡಿನ ಭಾಗ್ಯ. ಚಿತ್ರ, ತಾಳೆಗರಿ, ಲೋಹಗಳಿಗೆ ಸಲ್ಲುತ್ತಿರುವ ಆ ವಿದ್ಯೆ ಪ್ಲಾಸ್ಟಿಕ್ಕಿಗೂ ಸಲ್ಲಬೇಕೆಂಬುದು ನನ್ನ ಬಹುದಿನದ ಆಸೆ.

ಹಳದಿಯಾದುದನ್ನು ಬಿಳಿ ಮಾಡುವ ಗೀಳು ಇನ್ನೊಂದು. ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕು ಬೆಳಕಿಗೆ ಹಳದಿಗಟ್ಟುತ್ತದೆ. ಸುಮಾರು 2008ರಿಂದ ಈಚೆಗೆ ಹವ್ಯಾಸಿಗಳು ಹೈಡ್ರೋಜನ್ ಪೆರಾಕ್ಸೈಡನ್ನು ಸವರಿ ಬಿಸಿಲಿನಲ್ಲಿಯೋ ನೇರಳಾತೀತ ದೀಪದ ಕೆಳಗೋ ಇಟ್ಟು ಅದನ್ನು ಬೆಳ್ಳಗಾಗಿಸುತ್ತಿದ್ದಾರೆ. ಫಲ ಮನೋಹರ; ಆದರೆ ಪ್ಲಾಸ್ಟಿಕ್ಕಿನ ಒಳಗೆ ಆಗಿಹೋದ ಕ್ಷಯ ಅದರಿಂದ ಹಿಂದಿರುಗದು, ಮೇಲ್ಮೈ ಪುಡಿಪುಡಿಯಾಗುವ ಭಯವಿದೆ, ಹಳದಿಯೂ ಅನೇಕ ವೇಳೆ ಮರಳಿ ಬರುತ್ತದೆ. ಐವತ್ತು ವರ್ಷಗಳ ಬೆಳಕನ್ನು ಕಂಡ ಆಟಿಕೆ ಹಳದಿಯಾಗಿದ್ದರೆ ಅದು ಅದರ ಚರಿತ್ರೆಯ ಭಾಗವೆಂದು ನಾನು ಎಣಿಸುತ್ತೇನೆ. ಮೃದುವಾದ ಕುಂಚದಿಂದ ಧೂಳು ತೆಗೆದು, ಭಟ್ಟಿ ಇಳಿಸಿದ ನೀರಿನಲ್ಲಿ ಒದ್ದೆಮಾಡಿ ಹಿಂಡಿದ ಬಟ್ಟೆಯಿಂದ ಒಮ್ಮೆ ಒರೆಸಿ, ಅಲ್ಲಿಗೆ ಕೈಬಿಡುವುದು ಮೇಲು.

ಕಳೆದುಹೋದ ಅಂಗವನ್ನು ಹೊಸದಾಗಿ ಮಾಡಿಸುವುದಕ್ಕೆ ನನ್ನ ವಿರೋಧವಿಲ್ಲ. ಗೊಂಬೆಯ ಕೈಕಾಲುಗಳನ್ನು ಹಿಡಿದಿದ್ದ ರಬ್ಬರಿನ ಎಲಾಸ್ಟಿಕ್ಕು ಸಡಿಲವಾದಾಗ ಬದಲಾಯಿಸುವುದು ಅಂದಿನ ಅಂಗಡಿಯವರೂ ಮಾಡುತ್ತಿದ್ದ ಕೆಲಸ. ಇಂದು ತ್ರಿಆಯಾಮ ಮುದ್ರಣ ಯಂತ್ರದಿಂದ ಕಾರಿನ ಬಂಪರನ್ನೋ ಗೊಂಬೆಯ ಬೆರಳನ್ನೋ ಅಚ್ಚುಕಟ್ಟಾಗಿ ತಯಾರಿಸಬಲ್ಲ ತರುಣರು ಈ ಯಶವಂತಪುರ, ಪೀಣ್ಯಗಳ ವರ್ಕ್‌ಷಾಪುಗಳಲ್ಲಿಯೇ ಇದ್ದಾರೆ. ಅಂಥ ಅಂಗದ ಒಳಭಾಗದಲ್ಲಿ ಅದು ಹೊಸತೆಂಬುದನ್ನೂ ಮಾಡಿದ ವರ್ಷವನ್ನೂ ಕೆತ್ತಿಸಬೇಕು. ಮೂಲದ ಚೂರುಗಳನ್ನು ಎಸೆಯದೆ ಜೊತೆಗೇ ಇರಿಸಬೇಕು. ಮಾರುವಾಗ ಇದನ್ನು ಮುಚ್ಚಿಡುವವರು ಖರೀದಿದಾರನೊಬ್ಬನಿಗೆ ಮಾತ್ರವೇ ಅಲ್ಲ, ಮುಂದೆ ಆ ವಸ್ತುವನ್ನು ಅಭ್ಯಸಿಸುವ ಪ್ರತಿಯೊಬ್ಬರಿಗೂ ವಂಚನೆಮಾಡುತ್ತಾರೆ.

ಇಂಥ ಗುರುತು ಹೊಸ ಆಟಿಕೆಗಳಿಗೂ ಬೇಕು. 2021ರಲ್ಲಿ ಕೊಪ್ಪಳದ ಭಾನಾಪುರದಲ್ಲಿ ಆಟಿಕೆ ತಯಾರಿಕೆಗೆಂದೇ ಉದ್ಯಮವಲಯವೊಂದಕ್ಕೆ ಅಡಿಗಲ್ಲು ಬಿದ್ದಿತು. ಅಲ್ಲಿ ತಯಾರಾಗುವ ಪ್ರತಿ ಆಟಿಕೆಯ ತಳದಲ್ಲಿಯೂ ಅದು ಯಾವ ಪ್ಲಾಸ್ಟಿಕ್ಕೆಂಬ ಗುರುತನ್ನೂ ತಯಾರಾದ ವರ್ಷವನ್ನೂ ಅಚ್ಚೊತ್ತುವಂತಾದರೆ, ಇಂದು ನಾವು ಮೂಗಿನಿಂದ ಊಹಿಸಬೇಕಾದುದನ್ನು ನಮ್ಮ ಮೊಮ್ಮಕ್ಕಳು ಓದಿ ತಿಳಿಯಬಹುದು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಇನ್ನೊಂದು ವಿಷಯವನ್ನು ಹೇಳದಿದ್ದರೆ ಕರ್ತವ್ಯಲೋಪವಾದೀತು. ಭಿನ್ನವಾದ ದೇವರ ಪಟವನ್ನೂ ಮೂರ್ತಿಯನ್ನೂ ಅರಳಿಕಟ್ಟೆಯ ಮೇಲೆ ಇಟ್ಟು ಬರುವ ರೂಢಿ ನಮ್ಮಲ್ಲಿದೆ. ಒಡೆದ ಹಬ್ಬದ ಗೊಂಬೆಗಳೂ ಒಮ್ಮೊಮ್ಮೆ ಆ ದಾರಿಯನ್ನು ಹಿಡಿಯುತ್ತವೆ. ಕಟ್ಟೆಯ ಮೇಲೆ ಹಣತೆಗಳು ಉರಿಯುತ್ತವೆ, ಒಣ ಎಲೆಗಳಿರುತ್ತವೆ, ಮಕ್ಕಳು ಆಡುತ್ತಾರೆ. ಜಿಗುಟಾಗಿ ಬೆವರುತ್ತಿರುವ ಸೆಲ್ಯುಲಾಯ್ಡ್ ಗೊಂಬೆಯನ್ನು ಅಲ್ಲಿ ಬಿಡಬಾರದು, ಒಲೆಗೆ ಹಾಕಬಾರದು, ಸುಡುವ ಕಸದ ರಾಶಿಗೆ ಎಸೆಯಲೂ ಬಾರದು. ಉಳಿಸಲಾಗದ ಸ್ಥಿತಿಗೆ ಬಂದ ಗೊಂಬೆಯ ಚಿತ್ರವನ್ನು ಎಲ್ಲ ಮಗ್ಗುಲುಗಳಿಂದಲೂ ತೆಗೆದು, ಎತ್ತರ ಅಗಲಗಳನ್ನೂ ಬೆನ್ನ ಮೇಲಿನ ಕಾರ್ಖಾನೆಯ ಮುದ್ರೆಯನ್ನೂ ಅದು ಯಾರ ಕಾಲದಲ್ಲಿ ಮನೆಗೆ ಬಂದಿತೆಂಬುದನ್ನೂ ಬರೆದುಕೊಂಡು, ಗೊಂಬೆಯನ್ನು ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ, ಇದು ಬೆಂಕಿ ಹಿಡಿಯುವ ಅಪಾಯಕರ ವಸ್ತುವೆಂದು ಬಾಯಿಬಿಟ್ಟು ತಿಳಿಸಿ, ಮನೆಯ ಬೇರೆ ಕಸದೊಡನೆ ಬೆರೆಸದೆ ಪೌರಕಾರ್ಮಿಕರಿಗೆ ಪ್ರತ್ಯೇಕವಾಗಿ ಒಪ್ಪಿಸತಕ್ಕದ್ದು.